ವೃಷಭಾವತಿ ಹೊಳೆಸಾಲಿನ ನೂರು ವರ್ಷ

ಸುವರ್ಣ ಮಹೋತ್ಸವ ಸಮಿತಿಯ ಗೆಳೆಯರು ಒಂದು ಭಾನುವಾರ ಮನೆಗೆ ಬಂದು, "ಮೇಷ್ಟ್ರೇ, ಸಂಚಿಕೆಗೆ ಊರಿನ ಇತಿಹಾಸ ನೀವೇ ಬರೆದುಕೊಡಬೇಕು, ಹಳೇದೆಲ್ಲ ನಿಮಗೇ ಗೊತ್ತಿರೋದು" ಎಂದು ಕೇಳಿಕೊಂಡರು. ನಾನು ಈ ಪ್ರೌಢಶಾಲೆಯ ಮೊದಮೊದಲ ತಂಡಗಳ ವಿದ್ಯಾರ್ಥಿ. ಮುಂದೆ ಇಲ್ಲಿಯೇ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದೆ. ಆದುದರಿಂದ ಇಲ್ಲವೆನ್ನಲಾಗಲಿಲ್ಲ. ಶಾಲೆಗೆ ಜಾಗ ಕೊಟ್ಟವರು, ಕೊಠಡಿ ಕಟ್ಟಿಸಿದವರು, ಮುಖ್ಯೋಪಾಧ್ಯಾಯರ ಪಟ್ಟಿ, ಫಲಿತಾಂಶ ಇವೆಲ್ಲ ಈ ಸಂಚಿಕೆಯಲ್ಲಿ ಬೇರೆ ಕಡೆ ಬಂದಿವೆ. ನಾನು ನಮ್ಮ ಹೊಳೆಯನ್ನು ಹಿಡಿದು ಹೇಳುತ್ತೇನೆ. ಈಗಿನ ಮಕ್ಕಳು ಅದನ್ನು "ಮೋರಿ" ಎನ್ನುತ್ತಾರೆ. ತರಗತಿಯಲ್ಲಿ ಮೊದಲ ಸಲ ಆ ಮಾತು ಕೇಳಿದಾಗ ತಿದ್ದಲು ಬಾಯಿ ತೆರೆದವನು ಹಾಗೆಯೇ ಸುಮ್ಮನಾದೆ. ಅವರ ಕಣ್ಣಿಗೆ ಕಂಡದ್ದನ್ನು ಅವರು ಹೇಳಿದ್ದರು.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತಿರುವ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಅಲ್ಲಿ ದೊಡ್ಡ ನದಿಯಿಲ್ಲ; ಸುತ್ತ ಇಳಿಜಾರು ಮಾತ್ರ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ನಮ್ಮದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತದೆ ಎಂಬ ನಂಬಿಕೆಯಿಂದಲೇ ಹೊಳೆಗೆ ವೃಷಭಾವತಿ ಎಂದು ಹೆಸರು. ಮಲ್ಲೇಶ್ವರದ ಕಡೆಯಿಂದಲೂ ಒಂದು ಕವಲು ಬರುತ್ತದೆ. ಕೆಂಪಾಂಬುಧಿ ಕೆರೆಯ ನೀರೂ ಇದೇ ಕಣಿವೆಗೆ ಇಳಿಯುವಂಥದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ನಮ್ಮ ಊರುಗಳ ನಡುವೆ ಹರಿದು, ಬೈರಮಂಗಲದ ಕೆರೆ ತುಂಬಿ, ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಈ ದಾರಿಯನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸದೆ ನಾನು ಯಾವ ವರ್ಷವೂ ಒಂಬತ್ತನೇ ತರಗತಿಯ ಭೂಗೋಳ ಮುಗಿಸಿಲ್ಲ. ಆ ಚಿತ್ರದಲ್ಲಿ ಒಂದು ತಮಾಷೆಯಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಅಜ್ಜಿಗೆ ಶತಮಾನದ ಮೊದಲ ವರ್ಷಗಳ ನೆನಪಿತ್ತು. ಅವಳ ಅತ್ತೆಗೆ ಅದಕ್ಕೂ ಹಿಂದಿನದು, ಅಂದರೆ 1876ರಿಂದ 78ರವರೆಗಿನ ಧಾತು ಈಶ್ವರ ಬರ. ಆ ಬರದ ಮೇಲೆ ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ನಡೆಯಿತು. ಮಣ್ಣು ಹೊತ್ತವರಿಗೆ ಕೂಲಿ ಸಿಕ್ಕಿತು, ಹೊಟ್ಟೆ ಹೊರೆದುಕೊಂಡರು. 1882ರ ಹೊತ್ತಿಗೆ ಮೈಸೂರಿನ ತನಕ ರೈಲು ಓಡಿತು. ಕೆಂಗೇರಿ, ಹೆಜ್ಜಾಲ, ಬಿಡದಿ ನಮ್ಮ ನಿಲ್ದಾಣಗಳಾದವು. ನಮ್ಮ ಮನೆಯ ಹಿರಿಯರೂ ಆ ಕೆಲಸದಲ್ಲಿ ಮಣ್ಣು ಹೊತ್ತವರು. ಹಾಗಾಗಿ ರೈಲಿನ ಸದ್ದು ಕೇಳಿದಾಗಲೆಲ್ಲ ಅಜ್ಜಿ, "ನಮ್ಮೋರ ಬೆವರು ಹೋಗ್ತಾ ಐತೆ ನೋಡು" ಎನ್ನುತ್ತಿದ್ದಳು.

ರೈಲು ಬಂದ ಮಾತ್ರಕ್ಕೆ ಊರೇನೂ ಬದಲಾಗಲಿಲ್ಲ. ಬೆಂಗಳೂರಿನ ಪೇಟೆಯಲ್ಲಿ 1905ರಲ್ಲೇ ಬೀದಿಗೆ ವಿದ್ಯುದ್ದೀಪ ಬಂತು, ಶಿವನಸಮುದ್ರದಿಂದ. ಹದಿನೈದಿಪ್ಪತ್ತು ಮೈಲಿ ದೂರದ ನಮ್ಮ ಊರಿನಲ್ಲಿ ನಾನು ಕನ್ನಡ ಒಂದನೇ ಪುಸ್ತಕ ಓದಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಪೇಟೆಗೆ ನಮ್ಮವರು ಹೋಗುತ್ತಿದ್ದುದು ವರ್ಷಕ್ಕೆ ಎಣಿಸಿ ಕೆಲವು ಸಲ: ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ, ಮದುವೆ ಜವಳಿಗೆ, ಕೋರ್ಟಿಗೆ.

ಹಳೆಯ ಹೊಳೆ ವರ್ಷವಿಡೀ ಹರಿಯುತ್ತಿರಲಿಲ್ಲ. ಇದನ್ನು ಮೊದಲು ಹೇಳಬೇಕು, ಏಕೆಂದರೆ ಈಗ ಅದು ಒಂದು ದಿನವೂ ನಿಲ್ಲುವುದಿಲ್ಲ. ಮುಂಗಾರಿನಲ್ಲಿ ಕೆಂಪಗೆ ಬರುತ್ತಿತ್ತು, ದೀಪಾವಳಿಯ ಹೊತ್ತಿಗೆ ತಿಳಿಯಾಗುತ್ತಿತ್ತು, ಶಿವರಾತ್ರಿ ಕಳೆದ ಮೇಲೆ ಮರಳು ಮಾತ್ರ. ಬೇಸಿಗೆಯಲ್ಲಿ ಮರಳಿನಲ್ಲಿ ಮೊಳಕೈ ಆಳದ ಗುಂಡಿ ತೋಡಿದರೆ ಒರತೆ ಬರುತ್ತಿತ್ತು. ಮೊದಲ ನೀರು ಮೊಗೆದು ಚೆಲ್ಲಿ, ಕಾದು ಕುಳಿತು, ಚಿಪ್ಪಿನಲ್ಲಿ ತುಂಬಿ ಬಿಂದಿಗೆಗೆ ಹಾಕಬೇಕು. ಒಂದು ಬಿಂದಿಗೆ ತುಂಬುವುದಕ್ಕೆ ಒಂದು ಕಥೆ ಮುಗಿಯುವಷ್ಟು ಹೊತ್ತು ಬೇಕಾಗುತ್ತಿತ್ತು. ಊರಿನ ಹೆಂಗಸರ ಸುದ್ದಿಯೆಲ್ಲ ಹುಟ್ಟುತ್ತಿದ್ದುದು ಅಲ್ಲಿ. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ. ಮಡುವಿನಲ್ಲಿ ಹುಡುಗರು ಏಡಿ ಹಿಡಿಯುತ್ತಿದ್ದರು. ಎಮ್ಮೆ ತೊಳೆಯುವ ಜಾಗ ಬೇರೆ, ಬಟ್ಟೆ ಒಗೆಯುವ ಜಾಗ ಬೇರೆ.

ಕುಡಿಯುವ ನೀರಿನ ಜಾಗವೂ ಬೇರೆ ಬೇರೆಯಾಗಿತ್ತು. ಹಳೆಯ ವಿದ್ಯಾರ್ಥಿಗಳು ವೇದಿಕೆಯಲ್ಲಿ ಹೊಳೆಯನ್ನು ಹೊಗಳುವಾಗ ಈ ಸಂಗತಿ ಬಿಟ್ಟುಹೋಗುತ್ತದೆ. ಮೇಲಿನ ಮಗ್ಗುಲಲ್ಲಿ ಒಕ್ಕಲು ಮನೆಗಳವರು ಒರತೆ ತೋಡುತ್ತಿದ್ದರು. ದನ ಇಳಿಯುವ ಕಡವಿನಿಂದ ಕೆಳಗೆ, ಕಾಲೋನಿಯವರು. ಅದು ಯಾರೂ ಬರೆದಿಟ್ಟ ನಿಯಮವಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ನಮ್ಮ ಊರಿನ ಕೆರೆಯ ತೂಬು ಎತ್ತುವ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯೂ ಅದೇ ಕಾಲೋನಿಯವನು. ಯಾರ ಗದ್ದೆಗೆ ಎಷ್ಟು ನೀರು ಎಂಬುದು ಅವನ ಗುದ್ದಲಿಯಲ್ಲಿತ್ತು. ಪಟೇಲರ ಗದ್ದೆಗೂ ಸರದಿ ತಪ್ಪಿಸಿ ಬಿಡುತ್ತಿರಲಿಲ್ಲ ಎಂದು ಹೆಸರು ಪಡೆದವನು. ಆದರೆ ತನ್ನ ಮನೆಗೆ ಕುಡಿಯುವ ನೀರನ್ನು ಅವನು ದನದ ಕಡವಿನ ಕೆಳಗೆ ಮೊಗೆಯಬೇಕಿತ್ತು. ಇದನ್ನು ನಾನು ಪುಸ್ತಕದಲ್ಲಿ ಓದಿ ಬರೆಯುತ್ತಿಲ್ಲ, ನೋಡಿ ಬರೆಯುತ್ತಿದ್ದೇನೆ.

ಕಣಿವೆಗೆ ನಗದು ಹಣ ತಂದದ್ದು ರೇಷ್ಮೆ. ಜೆಮ್‌ಶೇಟ್‌ಜಿ ಟಾಟಾ ಅವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಸವನಗುಡಿಯ ಬಳಿ ಜಪಾನಿನ ತಜ್ಞರ ನೆರವಿನಿಂದ ರೇಷ್ಮೆ ತೋಟ ನಡೆಸಿದರು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸರ್ಕಾರ ರೇಷ್ಮೆಗೆ ಪ್ರತ್ಯೇಕ ಇಲಾಖೆ ಮಾಡಿತು, ಇಟಲಿಯಿಂದ ತಜ್ಞರನ್ನು ಕರೆಸಿತು. ನಮ್ಮಲ್ಲಿ ಹುಳು ಸಾಕುವುದು ಅದಕ್ಕೂ ಹಿಂದಿನಿಂದ ಇತ್ತು; ಇಲಾಖೆ ಬಂದ ಮೇಲೆ ರೋಗವಿಲ್ಲದ ಮೊಟ್ಟೆ ಸಿಗತೊಡಗಿತು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಬೆಲೆ ಏರಿತು. ನಮ್ಮ ಮನೆಯ ಅಟ್ಟದಲ್ಲಿದ್ದ ಹಿತ್ತಾಳೆ ಕೊಪ್ಪರಿಗೆ "ಯುದ್ಧದ ಗೂಡಿನ ದುಡ್ಡಿನದು" ಎಂದೇ ಹೆಸರಾಗಿತ್ತು.

ಹುಳು ಮನೆಯಲ್ಲಿದ್ದರೆ ಮನೆಯೇ ಅದರದು. ಹುಳು ಜ್ವರಕ್ಕೆ ಕೂತಾಗ ಜೋರಾಗಿ ಮಾತಾಡುವಂತಿಲ್ಲ ಎಂದು ಅಮ್ಮ ಗದರುತ್ತಿದ್ದಳು. ನಾಲ್ಕನೇ ಜ್ವರದಿಂದ ಎದ್ದ ಹುಳು ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು ಜಡಿಮಳೆಯಂತೆ ಕೇಳುತ್ತಿತ್ತು. ನಾವು ಮಕ್ಕಳು ತಟ್ಟೆಗಳ ಸಂದಿಯಲ್ಲೇ ಮಲಗುತ್ತಿದ್ದೆವು. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವ ದಿನ ಶಾಲೆಗೆ ರಜೆ ಕೇಳಬೇಕಾಗಿಯೇ ಇರಲಿಲ್ಲ. ಅರ್ಧ ತರಗತಿ ಬರುತ್ತಿರಲಿಲ್ಲ, ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿತ್ತು. ಅಪ್ಪ ಅಲ್ಲಿಂದ ತರುತ್ತಿದ್ದ ಖಾರದ ಪೊಟ್ಟಣದ ಮೇಲೆ ಆ ಬೆಳೆಯ ಗತಿ ನಮಗೆ ತಿಳಿಯುತ್ತಿತ್ತು. ಬೆಲೆ ಬಿದ್ದ ದಿನ ಬರಿಗೈ.

ಸ್ವಾತಂತ್ರ್ಯ ಬಂದ ಮೇಲಿನ ಬದಲಾವಣೆಗಳು ಕಾಗದದ ಮೇಲೆ ಒಂದೊಂದಾಗಿ ಬಂದವು, ಊರಿಗೆ ತಲುಪಲು ಒಂದೊಂದಕ್ಕೂ ಕೆಲವು ವರ್ಷ ಹಿಡಿಯಿತು. 1954ರ ಕಾಯಿದೆಯಿಂದ ಇನಾಮ್ತಿ ಹೋಯಿತು. 1961ರ ಕಾಯಿದೆಯಿಂದ ಪಟೇಲ, ಶ್ಯಾನುಭೋಗ, ತೋಟಿ, ನೀರುಗಂಟಿ ಎಂಬ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಪಟೇಲಿಕೆ ಹೋದದ್ದನ್ನು ಊರು ಬಹಳ ದಿನ ಮಾತಾಡಿತು. ನೀರುಗಂಟಿಕೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಆದರೆ ನನ್ನ ತಿಳಿವಳಿಕೆಯಲ್ಲಿ ಕಣಿವೆಯ ಮಟ್ಟಿಗೆ ದೊಡ್ಡದು ಎರಡನೆಯದೇ. ಸುಗ್ಗಿಯಲ್ಲಿ ಕಣದ ಮೇಲೆ ಅಳೆದುಕೊಡುತ್ತಿದ್ದ ಆಯ ನಿಂತಿತು, ನೀರುಗಂಟಿ ಕೂಲಿಗೆ ಹೋದ. ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಸುವುದಕ್ಕೆ ಹೇಳುವವರಿಲ್ಲದಾಯಿತು. ತೂಬಿನ ಕಲ್ಲು ಸರಿದ ವರ್ಷ ಎಲ್ಲರೂ ನೋಡಿದರು, ಯಾರೂ ಇಳಿಯಲಿಲ್ಲ. ಆ ಹುದ್ದೆ ಅನ್ಯಾಯದ ವ್ಯವಸ್ಥೆಯ ಭಾಗ, ಅದು ಹೋಗಬೇಕಿತ್ತು. ಅದರ ಕೆಲಸವನ್ನು ಯಾರು ಮಾಡಬೇಕೆಂದು ಮಾತ್ರ ಯಾರೂ ಕೂತು ಯೋಚಿಸಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಪ್ರೌಢಶಾಲೆ ಬಂತು. ಅದಕ್ಕೆ ಮೊದಲು ಏಳನೇ ತರಗತಿ ಮುಗಿದರೆ ಹುಡುಗರು ರೈಲು ಹಿಡಿದು ಕೆಂಗೇರಿಗೋ ರಾಮನಗರಕ್ಕೋ ಹೋಗಬೇಕು. ಹುಡುಗಿಯರ ಓದು ಅಲ್ಲಿಗೆ ಮುಗಿಯಿತು. ಶಾಲೆ ಹೊಳೆಯ ಆಚೆ ದಡದಲ್ಲಿ, ಗುಂಡುತೋಪಿನ ಮಗ್ಗುಲಲ್ಲಿ. ಮೊದಲೆರಡು ವರ್ಷ ಹೆಂಚಿನ ಎರಡೇ ಕೊಠಡಿ, ಎಂಟನೆಯವರು ಮರದ ಕೆಳಗೆ. ನಾವು ಈಚೆ ದಡದವರು ಚಡ್ಡಿ ಮೇಲೆತ್ತಿಕೊಂಡು, ಪುಸ್ತಕದ ಚೀಲ ತಲೆಯ ಮೇಲಿಟ್ಟು ಹೊಳೆ ದಾಟುತ್ತಿದ್ದೆವು. ನೀರು ಸೊಂಟಕ್ಕೆ ಬಂದ ದಿನ ಆಚೆಯಿಂದ ಮೇಷ್ಟ್ರು ಕೈ ಬೀಸಿ "ಬರಬೇಡಿ, ರಜೆ" ಎಂದು ಕೂಗುತ್ತಿದ್ದರು. ಮಳೆಗಾಲದಲ್ಲಿ ನಮಗೆ ನೀರಿನ ಮಟ್ಟ ನೋಡುವುದೇ ಮೊದಲ ಪಾಠ. (ರಾಮನಗರದ ಬೆಟ್ಟದಲ್ಲಿ 'ಶೋಲೆ' ಚಿತ್ರೀಕರಣ ನಡೆಯುತ್ತಿದ್ದಾಗ ಹೊಳೆ ಬಂದಿದೆ ಎಂದು ಸುಳ್ಳು ಹೇಳಿ ರೈಲು ಹತ್ತಿದ ಆರು ಜನರಲ್ಲಿ ನಾನೂ ಒಬ್ಬ. ಮಾರನೆಯ ದಿನ ಮೇಷ್ಟ್ರು ನಮ್ಮನ್ನು ಹೊಳೆಯ ದಡಕ್ಕೇ ಕರೆದೊಯ್ದು, ಪಾದ ಮುಳುಗದ ನೀರನ್ನು ತೋರಿಸಿ, ಅಲ್ಲೇ ನಿಲ್ಲಿಸಿ ಬಾರಿಸಿದರು.)

ಅದೇ ಮರದ ಕೆಳಗೆ ನೀರುಗಂಟಿಯ ಮೊಮ್ಮಗ ನನ್ನ ಪಕ್ಕದಲ್ಲಿ ಕೂತಿದ್ದ. ಶಾಲೆಯ ಮಣ್ಣಿನ ಹರವಿಯಿಂದ ಎಲ್ಲರೂ ಒಂದೇ ಲೋಟದಲ್ಲಿ ಕುಡಿಯಬೇಕೆಂದು ನಮ್ಮ ಮುಖ್ಯೋಪಾಧ್ಯಾಯರು ಕಟ್ಟುನಿಟ್ಟು ಮಾಡಿದ್ದರು. ಕೆಲವು ಮನೆಗಳಲ್ಲಿ ಗಲಾಟೆಯಾಯಿತು. ಇಬ್ಬರು ಮೂವರು ಮಕ್ಕಳು ಬಾಟಲಿಯಲ್ಲಿ ಮನೆಯ ನೀರು ತರತೊಡಗಿದರು. ಮೇಷ್ಟ್ರು ಬಾಟಲಿಗಳನ್ನು ಬೆಳಗ್ಗೆಯೇ ಇಸಿದುಕೊಂಡು ಸಂಜೆ ಕೊಡುತ್ತಿದ್ದರು. ಒಂದು ಬೇಸಿಗೆ ಕಳೆಯುವುದರೊಳಗೆ ಬಾಟಲಿ ನಿಂತಿತು. ಹೊಳೆಯಲ್ಲಿ ತಲೆಮಾರುಗಳಿಂದ ಆಗದ ಕೆಲಸ ಹರವಿಯಲ್ಲಿ ಆಯಿತು.

1974 ನಮ್ಮ ಕಣಿವೆಗೆ ಎರಡು ಕಾರಣಕ್ಕೆ ದೊಡ್ಡ ವರ್ಷ. ಮೊದಲನೆಯದು ಎಲ್ಲರಿಗೂ ನೆನಪಿದೆ: ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ, ದೇವರಾಜ ಅರಸರ ಕಾಲದ್ದು. ಗೇಣಿದಾರರು ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ನಮ್ಮ ಸಹಪಾಠಿಗಳಲ್ಲಿ ಅನೇಕರ ತಂದೆಯರ ಹೆಸರು ಮೊದಲ ಬಾರಿಗೆ ಪಹಣಿಯಲ್ಲಿ ಬಂದದ್ದು ಆಗ. ಅರ್ಜಿ ತುಂಬಿಕೊಟ್ಟವರು ನಮ್ಮ ಶಾಲೆಯ ಮೇಷ್ಟ್ರುಗಳೇ. ಸಂಜೆ ಐದರ ಮೇಲೆ ಜಗಲಿಯಲ್ಲಿ ಲಾಟೀನು ಹಚ್ಚಿಕೊಂಡು ಕೂರುತ್ತಿದ್ದರು. ಒಬ್ಬರಿಂದಲೂ ಕಾಸು ಮುಟ್ಟಿಸಿಕೊಳ್ಳಲಿಲ್ಲ. ಅವರೆಕಾಯಿ, ಹುರುಳಿ ತಂದಿಟ್ಟವರ ಮೇಲೆ ಸಿಟ್ಟಾಗಲೂ ಇಲ್ಲ.

ಎರಡನೆಯದನ್ನು ನಾವು ಸುದ್ದಿಯಾಗಿ ಓದಿ ಮರೆತೆವು. ಅದೇ 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂತು. ಅಲ್ಲಿಯವರೆಗೆ ನಗರ ಕುಡಿಯುತ್ತಿದ್ದುದು ಹೆಸರಘಟ್ಟ ಮತ್ತು 1933ರ ತಿಪ್ಪಗೊಂಡನಹಳ್ಳಿ ಜಲಾಶಯದ ಅರ್ಕಾವತಿ ನೀರು. ಕಾವೇರಿಯ ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದದ್ದು. 1982ರಲ್ಲಿ ಮತ್ತೆ ಅಷ್ಟೇ, 1993ರಲ್ಲಿ ಅದರ ಎರಡರಷ್ಟು. 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ನಾಲ್ಕು ಲಕ್ಷದಷ್ಟಿತ್ತು. 1981ಕ್ಕೆ 29 ಲಕ್ಷ, 1991ಕ್ಕೆ 41 ಲಕ್ಷ. ಅಷ್ಟು ಜನ ಮೀಯುತ್ತಾರೆ, ಒಗೆಯುತ್ತಾರೆ, ಸಂಡಾಸಿಗೆ ಹೋಗುತ್ತಾರೆ. ದಿಣ್ಣೆಯ ಮೇಲೆ ಬಳಸಿದ ನೀರು ದಿಣ್ಣೆಯ ಮೇಲೆಯೇ ನಿಲ್ಲುವುದಿಲ್ಲವಲ್ಲ. ಪಶ್ಚಿಮದ ಅರ್ಧ ನಗರದ್ದು ನಮ್ಮ ಹೊಳೆಗೆ ಇಳಿಯಿತು. ಮೈಸೂರು ರಸ್ತೆಯಲ್ಲಿ ಶುದ್ಧೀಕರಣ ಘಟಕ ಆಯಿತು, ಆದರೆ ನಗರ ಅದಕ್ಕಿಂತ ಬೇಗ ಬೆಳೆಯಿತು.

ನಾನು ಮೊದಲೇ ಹೇಳಿದ ತಮಾಷೆ ಇದೇ. ಕಾವೇರಿಯಿಂದ ಎತ್ತಿದ ನೀರು ಬೆಂಗಳೂರಿನ ಮನೆಗಳನ್ನು ಹಾದು, ವೃಷಭಾವತಿಯಲ್ಲಿ ಇಳಿದು, ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಹೋಗುತ್ತದೆ. ಹೋಗುವಾಗ ನಮ್ಮ ಮನೆಗಳ ಮುಂದೆ ಹಾದುಹೋಗುತ್ತದೆ, ಬರುವಾಗ ಕನಕಪುರ ರಸ್ತೆಯ ಕೊಳವೆಯಲ್ಲಿ. ಒಮ್ಮೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ನಕ್ಷೆ ನೋಡಿ, "ಸಾರ್, ನಮಗೆ ಬರೋದು ವಾಪಸ್ ಹೋಗೋ ನೀರು ಮಾತ್ರಾನಾ?" ಎಂದಳು. ನಾನು ಹೌದೆಂದೆ. ಆ ವರ್ಷ ಅವಳು ಸಮಾಜ ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಳು.

ಹೊಳೆ ಕೆಟ್ಟದ್ದು ಒಂದೇ ದಿನದಲ್ಲಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಬೇಸಿಗೆಯಲ್ಲೂ ಸಣ್ಣಗೆ ನೀರು ಹರಿಯತೊಡಗಿತ್ತು. ಎಲ್ಲರಿಗೂ ಸಂತೋಷ! ಮಾರ್ಚಿಯಲ್ಲಿ ನೀರು ಕಂಡವರೇ ಇರಲಿಲ್ಲ. ಆಮೇಲೆ ಮರಳಿನ ಒರತೆ ನೊರೆನೊರೆಯಾಯಿತು. ಹೆಂಗಸರು ಬಟ್ಟೆ ಹಿಂಡುವಾಗ ವಾಸನೆ ಎಂದರು. ಏಡಿ ಹೋದವು. ಆಚೆ ದಡಕ್ಕೆ ದಾಟುವ ಮಕ್ಕಳ ಕಾಲಲ್ಲಿ ಕಜ್ಜಿ ಎದ್ದಿತು. ತಾಯಂದಿರು ಹೆಣ್ಣುಮಕ್ಕಳನ್ನು ದಾಟಿಸಲು ಹಿಂಜರಿದರು; ಎರಡು ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ ಈಚೆ ದಡದ ಹುಡುಗಿಯರ ಹೆಸರು ಕಡಿಮೆಯಾದದ್ದನ್ನು ನಾನು ಮುಂದೆ ಶಿಕ್ಷಕನಾಗಿ ಬಂದಾಗ ತೆಗೆದು ನೋಡಿದ್ದೇನೆ. ಸೇತುವೆಗಾಗಿ ಊರವರು ಅರ್ಜಿ ಮೇಲೆ ಅರ್ಜಿ ಹಾಕಿದರು. ಅದು ಬರುವ ಹೊತ್ತಿಗೆ ಆ ಹುಡುಗಿಯರಿಗೆಲ್ಲ ಮದುವೆಯಾಗಿತ್ತು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಗರ ಮಾಡಿತು, ನಾವು ಅನುಭವಿಸಿದೆವು ಎಂದಾಗುತ್ತದೆ. ಅದು ಅರ್ಧ ಮಾತು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮಪ್ಪ ಹೊಳೆದಡಕ್ಕೆ ಐದು ಎಚ್‌ಪಿ ಮೋಟಾರು ಹಾಕಿದರು. ಅವರೊಬ್ಬರೇ ಅಲ್ಲ, ಬೈರಮಂಗಲದವರೆಗೂ ದಡದುದ್ದಕ್ಕೆ ಪಂಪುಗಳು ಎದ್ದವು. ಬಾವಿ ಬತ್ತಿದರೂ ಹೊಳೆ ಬತ್ತದು, ಗೊಬ್ಬರದ ಖರ್ಚೂ ಕಡಿಮೆ. ಮೊದಲು ಭತ್ತ, ತೆಂಗು. ಆಮೇಲೆ ಸೀಮೆಹುಲ್ಲು. ಹುಲ್ಲು ಕುಯ್ದಷ್ಟೂ ಬೆಳೆಯುತ್ತಿತ್ತು. ಹುಲ್ಲಿದ್ದರೆ ಸೀಮೆಹಸು, ಹಸುವಿದ್ದರೆ ಹಾಲು, ಹಾಲಿಗೆ ಡೈರಿಯಲ್ಲಿ ವಾರವಾರ ಬಟವಾಡೆ. ರೇಷ್ಮೆಯಂತೆ ತಿಂಗಳು ಉಸಿರು ಬಿಗಿಹಿಡಿದು ಕಾಯಬೇಕಿಲ್ಲ. ಆ ಹಾಲು ಮತ್ತೆ ಬೆಂಗಳೂರಿಗೇ ಹೋಗುತ್ತಿತ್ತು. ನನ್ನ ಬಿ.ಎಡ್. ಶುಲ್ಕ, ಇಬ್ಬರು ತಂಗಿಯರ ಮದುವೆ, ಮನೆಯ ಮಾಡು ತೆಗೆದು ಹಾಕಿದ ಆರ್‌ಸಿಸಿ, ಇವೆಲ್ಲ ಆ ಮೋಟಾರು ಎತ್ತಿದ ನೀರಿನಿಂದ ಬಂದವು. ಹೊಳೆ ಹಾಳಾಯಿತೆಂದು ಸಂಜೆ ಅರಳಿಕಟ್ಟೆಯಲ್ಲಿ ಮಾತಾಡುತ್ತಿದ್ದವರೇ ರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಸ್ವಿಚ್ಚು ಒತ್ತುತ್ತಿದ್ದರು. ಒಂದು ಸಲ ನೀರು ಶುದ್ಧಿ ಮಾಡಿಯೇ ಬಿಡಬೇಕೆಂದು ಒತ್ತಾಯಿಸಲು ಊರವರೆಲ್ಲ ಸಹಿ ಮಾಡಿದ ಮನವಿ ತಯಾರಾಯಿತು. ಬರೆದವನು ನಾನೇ. ಅಪ್ಪ ಸಹಿ ಮಾಡುವಾಗ, "ಶುದ್ಧಿ ಮಾಡ್ಲಿ ಕಣಪ್ಪ, ಆದ್ರೆ ನೀರು ನಿಲ್ಲಿಸ್ದಂಗೆ ಬರಿ" ಎಂದರು. ಹಾಗೆಯೇ ಬರೆದೆ. ಮನವಿ ಕಚೇರಿಯಿಂದ ಕಚೇರಿಗೆ ಹೋಯಿತು. ಉತ್ತರ ಬರಲಿಲ್ಲ.

ರೇಷ್ಮೆ ನಮ್ಮ ಮನೆಯಲ್ಲಿ ನಿಂತದ್ದು ಹೀಗೆ. ಹೊಳೆನೀರು ಕುಡಿದ ಕಡ್ಡಿಯ ಸೊಪ್ಪು ಎಲೆ ಅಗಲವಾಗಿ, ಕಪ್ಪಗೆ, ನೋಡಲು ಚೆನ್ನಾಗಿತ್ತು. ಹುಳು ಮೂರನೇ ಜ್ವರದವರೆಗೆ ಮೇಯಿತು. ಆಮೇಲೆ ಒಂದು ಬೆಳಗ್ಗೆ ತಟ್ಟೆ ತಟ್ಟೆಯೇ ಸೊರಗಿ ಮಲಗಿತ್ತು. ಅಪ್ಪ ನೀರಿನಿಂದ ಎಂದರು, ಚಿಕ್ಕಪ್ಪ ಮೊಟ್ಟೆಯಿಂದ ಎಂದರು, ಅಮ್ಮ ಯಾರದೋ ಕಣ್ಣು ಎಂದಳು. ತಿಪ್ಪೆಗೆ ಹಾಕಿ ಬಂದೆವು. ಚಂದ್ರಿಕೆಗಳನ್ನು ಅಟ್ಟಕ್ಕೇರಿಸಿದ್ದು ಮತ್ತೆ ಇಳಿಸಲಿಲ್ಲ. ಹಿಪ್ಪುನೇರಳೆ ಕಿತ್ತ ಜಾಗಕ್ಕೂ ಹುಲ್ಲೇ ಬಂತು.

ಬೆಂಗಳೂರು ಅಷ್ಟರಲ್ಲಿ ಕಣಿವೆಯ ಮೇಲ್ಗಡೆಯಿಂದ ಇಳಿಯುತ್ತಾ ಬರುತ್ತಿತ್ತು. 1973ರಲ್ಲಿ ವಿಶ್ವವಿದ್ಯಾನಿಲಯ ಜ್ಞಾನಭಾರತಿಗೆ ಬಂತು. ಕೆಂಗೇರಿ ಉಪನಗರವಾಯಿತು. ಕುಂಬಳಗೋಡಿನಲ್ಲಿ ಕಾರ್ಖಾನೆಗಳ ಸಾಲು. ತೊಂಬತ್ತರ ದಶಕದಲ್ಲಿ ನಮ್ಮ ಮೀಟರ್‌ಗೇಜು ಹೋಗಿ ಅಗಲ ಹಳಿ ಬಂತು, ಬಿಡದಿ ಕೈಗಾರಿಕಾ ಪ್ರದೇಶವಾಯಿತು. 1999ರ ಕೊನೆಗೆ ಅಲ್ಲಿಯ ಟೊಯೋಟಾ ಕಾರ್ಖಾನೆಯಿಂದ ಕಾರು ಹೊರಬಂದಾಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಐಟಿಐ ಮಾಡಿದವರು ಕೆಲವರು ಸಮವಸ್ತ್ರ ತೊಟ್ಟು ಸಿಹಿ ತಂದುಕೊಟ್ಟರು. ಅವರ ಮುಖದ ಹಿಗ್ಗು ನಾನು ಮರೆತಿಲ್ಲ. ಹೊಲದಲ್ಲಿ ಬಗ್ಗಿದ ಬೆನ್ನು ನೋಡಿ ಬೆಳೆದ ಮಕ್ಕಳಿಗೆ ತಿಂಗಳ ಮೊದಲ ತಾರೀಕು ಸಂಬಳ ಬರುವುದೆಂದರೆ ಏನೆಂಬುದನ್ನು ನಗರದಿಂದ ಬಂದು ನಮ್ಮ ಹಳ್ಳಿಯ ಸೌಂದರ್ಯಕ್ಕೆ ಮರುಗುವವರು ತಿಳಿಯರು.

ಭೂಮಿ ಮಾರಾಟ ಇದೇ ಕಾಲದ್ದು. ಏಳನೇ ನಮೂನೆಯಲ್ಲಿ ಬಂದ ಜಮೀನನ್ನು ಅದೇ ಮಕ್ಕಳು ಇಪ್ಪತ್ತು ವರ್ಷದ ಮೇಲೆ ಮಾರಿದರು. ಬೆಳಗ್ಗೆ ಅಡ್ವಾನ್ಸು, ಸಂಜೆಗೆ ಬೆಲೆ ಏರಿತೆಂದು ಜಗಳ. ನಮ್ಮ ಮನೆಯೂ ಹೊರತಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹುಲ್ಲಿನ ಜಮೀನನ್ನು ಲೇಔಟಿನವರಿಗೆ ಕೊಟ್ಟೆವು. ಕಾಗದದಲ್ಲಿ ಒಂದು ಮೊತ್ತ, ಕೈಗೆ ಒಂದು ಮೊತ್ತ, ಉಳಿದದ್ದಕ್ಕೆ ಎರಡು ವರ್ಷ ಅಲೆದಾಟ. ಆ ವ್ಯವಹಾರದಲ್ಲಿ ತಮ್ಮ ನನ್ನೊಂದಿಗೆ ಮಾತು ಬಿಟ್ಟ. ಈಗಲೂ ಹಬ್ಬಕ್ಕೆ ಬಂದರೆ ನನ್ನ ಹೆಂಡತಿಯನ್ನಷ್ಟೇ ಮಾತಾಡಿಸುತ್ತಾನೆ. ನೀರುಗಂಟಿಯ ಮೊಮ್ಮಗ, ನನ್ನ ಪಕ್ಕ ಕೂತಿದ್ದವನು, ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತನಾದ. ತಮ್ಮ ಪಾಲಿನ ಅರ್ಧ ಎಕರೆಯನ್ನು ಅವನು ಮಾತ್ರ ಮಾರಲಿಲ್ಲ. ಅಲ್ಲಿ ಬೋರು ಕೊರೆಸಿ ಸಪೋಟ ಹಾಕಿದ್ದಾನೆ. ಹೊಳೆನೀರು ಯಾಕೆ ಹಾಯಿಸಲಿಲ್ಲ ಎಂದು ಒಮ್ಮೆ ಕೇಳಿದೆ. "ಕೆಳಗಿನ ನೀರು ನಮ್ಮ ತಾತನ ಕಾಲಕ್ಕೇ ಸಾಕಾಯ್ತು ಮಾರಾಯ" ಎಂದು ನಕ್ಕ. ನಾನು ನಗಲಿಲ್ಲ.

ಶಾಲೆಯ ಹಾಜರಿ ಪುಸ್ತಕವನ್ನು ಕ್ರಮವಾಗಿ ತೆರೆದು ನೋಡಿದರೆ ಇಷ್ಟೂ ಇತಿಹಾಸ ಅಲ್ಲೇ ಇದೆ. ಮೊದಲ ವರ್ಷಗಳಲ್ಲಿ ತಂದೆಯ ಉದ್ಯೋಗದ ಕಲಮಿನಲ್ಲಿ ಮೇಲಿಂದ ಕೆಳಗೆ "ಬೇಸಾಯ", "ಕೂಲಿ" ಎರಡೇ ಪದ. ಎಂಬತ್ತರಲ್ಲಿ "ಹೈನುಗಾರಿಕೆ" ಕಾಣಿಸುತ್ತದೆ, ಆಮೇಲೆ "ಚಾಲಕ", "ಫ್ಯಾಕ್ಟರಿ". ನಾನು ನಿವೃತ್ತನಾಗುವ ಹೊತ್ತಿಗೆ ಊರಿನವರ ಮಕ್ಕಳು ಬಹುತೇಕ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ನಮ್ಮ ಬೆಂಚುಗಳಲ್ಲಿ ಕೂತವರು ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಕೆಲವರು ಬಿಹಾರದವರು, ನೇಪಾಳದವರು. ಬಿಹಾರದ ಹುಡುಗ ಕನ್ನಡದಲ್ಲಿ ಪ್ರಬಂಧ ಬರೆದು ತಾಲ್ಲೂಕಿಗೆ ಬಹುಮಾನ ತಂದ ದಿನ ಸಿಬ್ಬಂದಿ ಕೊಠಡಿಯಲ್ಲಿ ಮೈಸೂರುಪಾಕು ಹಂಚಿದೆವು. ಶಾಲೆ ಉಳಿದದ್ದು ಈ ಮಕ್ಕಳಿಂದ. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಕೂರುವ ನಾವ್ಯಾರೂ ನಮ್ಮ ಮೊಮ್ಮಕ್ಕಳನ್ನು ಇಲ್ಲಿಗೆ ಸೇರಿಸಿದವರಲ್ಲ ಎಂಬುದನ್ನು ಸಮಿತಿಯ ಮಿತ್ರರು ಅನ್ಯಥಾ ಭಾವಿಸದೆ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಹೊಳೆಯೊಂದಿಗೆ ಊರಿಗೆ ಉಳಿದಿರುವ ಸಂಬಂಧ ಈಗ ಒಂದೇ. ಗ್ರಾಮದೇವತೆಯ ಹಬ್ಬದಲ್ಲಿ ಗಂಗೆ ತರುವುದು. ಹಿಂದೆ ಬೆಳಗಿನ ಜಾವ ತಮಟೆಯೊಂದಿಗೆ ಹೊಳೆಗೆ ಹೋಗಿ, ಮರಳಿನಲ್ಲಿ ಹೊಸ ಒರತೆ ತೋಡಿ, ಪೂಜೆ ಮಾಡಿ, ಕಳಶ ತುಂಬಿ, ಹಿಂದಿರುಗಿ ನೋಡದೆ ಗುಡಿಗೆ ಬರುತ್ತಿದ್ದರು. ನೀರು ಮುಟ್ಟಲಾಗದ ಸ್ಥಿತಿಗೆ ಬಂದ ಮೇಲೆ ಊರಿನಲ್ಲಿ ದೊಡ್ಡ ಚರ್ಚೆಯಾಯಿತು. ಬೋರ್‌ವೆಲ್ಲಿನ ಹತ್ತಿರವೇ ಪೂಜೆ ಮಾಡಿದರೆ ಆಯಿತು ಎಂದವರು ಕೆಲವರು. ಹೊಳೆಗೆ ಹೋಗದೆ ಅಮ್ಮ ಒಪ್ಪುವುದಿಲ್ಲ ಎಂದವರು ಹೆಚ್ಚು ಜನ. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಈಗಲೂ ಅದೇ ನಡೆಯುತ್ತಿದೆ. ತಮಟೆ ಮುಂದೆ, ಕಳಶ ಹಿಂದೆ, ಊರೆಲ್ಲ ಮೂಗಿಗೆ ಸೆರಗು, ಟವೆಲು ಹಿಡಿದುಕೊಂಡು ಹೊಳೆದಡಕ್ಕೆ ಹೋಗುತ್ತದೆ. ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಬೋರಿನ ನೀರನ್ನು ಒಬ್ಬರು ಹೊತ್ತು ತರುತ್ತಾರೆ. ದಡದಲ್ಲಿ ಒಂದು ಗುಂಡಿ ತೋಡಿ, ಬಾಳೆಎಲೆ ಹಾಸಿ, ಕ್ಯಾನಿನ ನೀರನ್ನು ಅದಕ್ಕೆ ಸುರಿದು, ಅರಿಶಿನ ಕುಂಕುಮ ಹಾಕಿ, ಅಲ್ಲಿಂದ ಚಿಪ್ಪಿನಲ್ಲಿ ಮೊಗೆದು ಕಳಶ ತುಂಬುತ್ತಾರೆ. ಕಾಲೋನಿಯವರೂ ಒಕ್ಕಲು ಮನೆಯವರೂ ಅದೇ ಗುಂಡಿಯ ಸುತ್ತ ನಿಲ್ಲುತ್ತಾರೆ.

ಕ್ಯಾನು ಹೊರುವುದು ಮನೆಮನೆಯ ಸರದಿ. ಈ ವರ್ಷ ನಮ್ಮ ಮನೆಯದು. ನನಗೆ ಮಂಡಿ ನೋವು, ತಮ್ಮನಿಗೆ ಹೇಳಿಕಳಿಸಿದ್ದೇನೆ.